ರಕ್ತವನ್ನು ಗುರುತಿಸುವ ಹುರುಳಿ

ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಬೆದ್ದಲು ಹೊಲಗಳಲ್ಲಿ ಮಳೆ ಕೈಕೊಟ್ಟ ವರ್ಷವೂ ರೈತನ ಮಾನ ಕಾಯುವ ಕಾಳು ಹುರುಳಿ. ಎತ್ತಿಗೆ ಹುರುಳಿ, ಮನೆಗೆ ಹುರುಳಿಕಟ್ಟಿನ ಸಾರು. ಅದಕ್ಕಿಂತ ಹೆಚ್ಚಿನ ಗೌರವವನ್ನು ನಾವು ಅದಕ್ಕೆ ಸಲ್ಲಿಸಿದವರಲ್ಲ. ಆದರೆ ಈ ಬಡಕಾಳಿಗೆ ಮನುಷ್ಯರ ರಕ್ತಕಣಗಳಲ್ಲಿ ಇದು ಬೇಕು, ಇದು ಬೇಡವೆಂದು ಆರಿಸುವ ಶಕ್ತಿಯುಂಟು.

ಜಿ. ಡಬ್ಲ್ಯು. ಜಿ. ಬರ್ಡ್ ಎಂಬ ವಿಜ್ಞಾನಿ 1951ರಲ್ಲಿ ಈ ಸಂಗತಿಯನ್ನು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಸಿ ಹುರುಳಿಯನ್ನು ಅರೆದು, ಉಪ್ಪುನೀರಿನಲ್ಲಿ ನೆನೆಸಿ ತೆಗೆದ ತಿಳಿಯನ್ನು ‘ಎ’ ಗುಂಪಿನ ರಕ್ತಕ್ಕೆ ಬೆರೆಸಿದರೆ ಕಣಗಳು ಒಂದಕ್ಕೊಂದು ಅಂಟಿ ಗಂಟುಗಟ್ಟುತ್ತವೆ. ‘ಬಿ’ ಮತ್ತು ‘ಓ’ ಗುಂಪಿನ ಕಣಗಳು ನಿಶ್ಚಿಂತೆಯಿಂದ ತೇಲುತ್ತಿರುತ್ತವೆ.

ಇದಕ್ಕೆ ಕಾರಣವೇನು? ಜೀವಕೋಶದ ಮೈ ಬೋಳಲ್ಲ. ಅದರ ತುಂಬ ಸಕ್ಕರೆಯ ಮಣಿಗಳನ್ನು ಪೋಣಿಸಿದಂಥ ಸರಗಳು ಹೊರಚಾಚಿರುತ್ತವೆ. ‘ಎ’ ಕಣದ ಸರದ ತುದಿಯಲ್ಲಿ ಒಂದು ಬಗೆಯ ಮಣಿ, ‘ಬಿ’ ಕಣದಲ್ಲಿ ಇನ್ನೊಂದು. ‘ಓ’ ಕಣದಲ್ಲಿ ಆ ಕೊನೆಯ ಮಣಿಯೇ ಇಲ್ಲ. ಹುರುಳಿಯಲ್ಲಿರುವ ಒಂದು ಸಸಾರಜನಕಕ್ಕೆ ಒಂದಕ್ಕಿಂತ ಹೆಚ್ಚು ಕೈಗಳಿವೆ. ಒಂದು ಕೈ ಈ ಕಣದ ಮಣಿಯನ್ನು, ಮತ್ತೊಂದು ಪಕ್ಕದ ಕಣದ ಮಣಿಯನ್ನು ಹಿಡಿಯುವುದರಿಂದ ಬಲೆ ಹೆಣೆದುಕೊಳ್ಳುತ್ತದೆ. ಇಂಥ ಸಸಾರಜನಕಗಳಿಗೆ ವಿಲಿಯಂ ಬಾಯ್ಡ್ 1954ರಲ್ಲಿ ‘ಆರಿಸು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ‘ಲೆಕ್ಟಿನ್’ ಎಂದು ನಾಮಕರಣ ಮಾಡಿದರು. ಕೆಲಸವನ್ನೇ ಹೆಸರಾಗಿಸಿದ ಪದವಿದು.

ಹುರುಳಿಯ ಪರೀಕ್ಷೆ ಇನ್ನೂ ಸೂಕ್ಷ್ಮವಾದುದು. ‘ಎ’ ಗುಂಪಿನಲ್ಲಿಯೇ ಎ1, ಎ2 ಎಂಬ ಒಳಭೇದಗಳಿವೆ. ಎ1 ಕಣವೊಂದರ ಮೇಲೆ ಆ ಗುರುತು ಸುಮಾರು 10 ಲಕ್ಷವಿದ್ದರೆ ಎ2 ಕಣದ ಮೇಲೆ 2.5 ಲಕ್ಷದಷ್ಟು ಮಾತ್ರ. ತಕ್ಕಷ್ಟು ತೆಳುಮಾಡಿದ ಹುರುಳಿಯ ತಿಳಿ ಎ1 ಕಣಗಳನ್ನಷ್ಟೇ ಗಂಟುಗಟ್ಟಿಸುತ್ತದೆ. ರಕ್ತನಿಧಿಗಳು ಇಂದಿಗೂ ಈ ಭೇದವನ್ನು ಹುರುಳಿಯಿಂದಲೇ ಅರಿಯುತ್ತವೆ. ಗುರುತು ವಿರಳವಾಗಿರುವುದರಿಂದ ಎ2 ದಾನಿಯ ಮೂತ್ರಪಿಂಡವನ್ನು, ತಕ್ಕ ಪರೀಕ್ಷೆಗಳ ಬಳಿಕ, ‘ಓ’ ಗುಂಪಿನ ರೋಗಿಗೂ ಜೋಡಿಸಿದ ನಿದರ್ಶನಗಳಿವೆ. ಒಬ್ಬನ ಆಯುಷ್ಯ ಇಂಥ ಲೆಕ್ಕದ ಮೇಲೆ ನಿಲ್ಲುವುದುಂಟು!

ನಮ್ಮ ದೇಹವೂ ಇದೇ ಉಪಾಯವನ್ನು ಬಳಸುತ್ತದೆ. ಕಾಲಿಗೆ ಜಾಲಿಮುಳ್ಳು ಚುಚ್ಚಿತೆನ್ನಿ. ಗಾಯಗೊಂಡ ಭಾಗದಿಂದ ಸುದ್ದಿ ಹೊರಡುತ್ತದೆ. ಹತ್ತಿರದ ರಕ್ತನಾಳದ ಒಳಗೋಡೆ ತನ್ನ ಲೆಕ್ಟಿನ್ನುಗಳನ್ನು ಹೊರಚಾಚುತ್ತದೆ. ಪ್ರವಾಹದಲ್ಲಿ ಧಾವಿಸುತ್ತಿರುವ ಬಿಳಿಯ ಕಣದ ಸಕ್ಕರೆ ಅವಕ್ಕೆ ತಗುಲಿ, ಕಣ ಉರುಳುತ್ತ ನಿಧಾನಿಸಿ, ಭದ್ರವಾಗಿ ಅಂಟಿಕೊಂಡು, ಗೋಡೆಯ ಸಂದಿನಲ್ಲಿ ನುಸುಳಿ ಗಾಯದೆಡೆಗೆ ನಡೆಯುತ್ತದೆ. ಈ ಸಕ್ಕರೆಯಿಲ್ಲದೆ ಹುಟ್ಟುವ ಮಕ್ಕಳೂ ಅತಿ ವಿರಳವಾಗಿ ಇದ್ದಾರೆ. ಅವರ ರಕ್ತದಲ್ಲಿ ಬಿಳಿಯ ಕಣಗಳು ತುಂಬಿದ್ದರೂ ಇಳಿಯಬೇಕಾದ ತಾಣದಲ್ಲಿ ಇಳಿಯಲಾರವು. ಸೋಂಕು ಮರಳಿ ಮರಳಿ ಕಾಡುತ್ತದೆ.

ಇನ್ನು ನಮ್ಮ ಜಿಲ್ಲೆಯ ಚಳ್ಳಕೆರೆಯನ್ನು ಎಣ್ಣೆಗಿರಣಿಗಳ ಊರಾಗಿಸಿದ ಶೇಂಗಾ. ಅದರ ಲೆಕ್ಟಿನ್ ಆರೋಗ್ಯವಂತರ ಕೆಂಪು ಕಣಗಳನ್ನು ಮುಟ್ಟದು; ಅದಕ್ಕೆ ಬೇಕಾದ ಸಕ್ಕರೆ ಅಲ್ಲಿ ಮತ್ತೊಂದು ಮಣಿಯ ಮರೆಯಲ್ಲಿರುತ್ತದೆ. ಹಲವು ಬಗೆಯ ಕ್ಯಾನ್ಸರ್ ಕೋಶಗಳಲ್ಲಿ ಆ ಮರೆ ಇರುವುದಿಲ್ಲ. ಶೇಂಗಾ ಅವನ್ನು ಹಿಡಿಯುತ್ತದೆ. ಮುಚ್ಚಿಟ್ಟ ಆ ಗುರುತನ್ನು ಶೇಂಗಾ ಬಲ್ಲುದೆಂದು 1964ರಲ್ಲಿ ತಿಳಿಸಿದವರೂ ಅದೇ ಬರ್ಡ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್, ಎ. ಸುರೋಲಿಯಾ ಮತ್ತು ಸಂಗಡಿಗರು ಈ ಲೆಕ್ಟಿನ್ನಿನ ಹರಳುಗಳ ಮೇಲೆ ಕ್ಷಕಿರಣ ಹಾಯಿಸಿ, 1994ರಲ್ಲಿ ಅದರ ರಚನೆಯನ್ನು ಲೋಕದ ಮುಂದಿಟ್ಟರು. ಅದರ ನಾಲ್ಕು ಭಾಗಗಳು ವಿಜ್ಞಾನಿಗಳು ನಿರೀಕ್ಷಿಸಿದ್ದ ಸಮಾಂಗತೆಯಲ್ಲಿ ಕೂಡಿರದೆ ವಿಲಕ್ಷಣವಾಗಿ ಜೋಡಿಕೊಂಡಿದ್ದವು.