ಧೂಳು ಮತ್ತು ತೇವಾಂಶದಿಂದ ಮೋಟಾರ್‌ಸೈಕಲ್‌ನಲ್ಲಿ ಉಂಟಾಗುವ ವಿದ್ಯುತ್ ದೋಷಗಳು

ಧೂಳು ಮತ್ತು ತೇವಾಂಶದಿಂದ ಉಂಟಾಗುವ ವಿದ್ಯುತ್ ದೋಷಗಳು ಮೋಟಾರ್‌ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ತೊಂದರೆಗಳಲ್ಲಿ ಸೇರಿವೆ. ದೀಪ ಮಂಕಾಗುವುದು, ಸ್ಟಾರ್ಟರ್ ಮೋಟಾರ್ ತಿರುಗದಿರುವುದು ಹಾಗೂ ಓಡುತ್ತಿರುವಾಗಲೇ ಎಂಜಿನ್ ನಿಂತುಹೋಗುವುದು ಇವುಗಳ ಮುಖ್ಯ ಲಕ್ಷಣಗಳು. ಇಂತಹ ಸಂದರ್ಭಗಳಲ್ಲಿ ಬಿಡಿಭಾಗವು ಸುಸ್ಥಿತಿಯಲ್ಲಿದ್ದು, ಅದಕ್ಕೆ ವಿದ್ಯುತ್ ತಲುಪಿಸುವ ಸಂಪರ್ಕ ಮಾತ್ರ ದುರ್ಬಲಗೊಂಡಿರುವುದುಂಟು. ಆದ್ದರಿಂದ ಬಿಡಿಭಾಗವನ್ನು ಬದಲಿಸುವ ಮೊದಲು ಸಂಪರ್ಕಗಳನ್ನು ಪರೀಕ್ಷಿಸುವುದು ದೋಷ ಪತ್ತೆಯ ಮೂಲ ನಿಯಮವಾಗಿದೆ.

ಕಾರಣಗಳು

ಒಣ ಧೂಳು ಸಾಮಾನ್ಯವಾಗಿ ವಿದ್ಯುತ್ ವಾಹಕವಲ್ಲ. ಆದರೆ ಅದು ತೇವವನ್ನು ಹೀರಿಕೊಂಡು ಬಹುಕಾಲ ಹಿಡಿದಿಡುತ್ತದೆ. ಧೂಳಿನಲ್ಲಿರುವ ಲವಣಗಳು ಈ ತೇವದಲ್ಲಿ ಕರಗಿ ಲೋಹವನ್ನು ಸವೆಸುತ್ತವೆ. ತಾಮ್ರದ ತಂತಿಯ ಮೇಲೆ ಹಸಿರು ಕಿಲುಬು, ಚೌಕಟ್ಟಿನ ಉಕ್ಕಿನ ಮೇಲೆ ತುಕ್ಕು ಮತ್ತು ಸೀಸ-ಆಮ್ಲ ಬ್ಯಾಟರಿಯ ಧ್ರುವಗಳ ಮೇಲೆ ಬಿಳಿ ಅಥವಾ ನೀಲಿ-ಹಸಿರು ಪುಡಿ ಕಾಣಿಸಿಕೊಳ್ಳುತ್ತದೆ. ಎಂಜಿನ್ನಿನ ಕಂಪನದಿಂದ ಕನೆಕ್ಟರ್‌ಗಳ ಪಿನ್‌ಗಳು ಪರಸ್ಪರ ಉಜ್ಜಿಕೊಂಡು ಅವುಗಳ ಮೇಲಿನ ತವರದ ಲೇಪನವೂ ಸವೆಯುತ್ತದೆ.

ಕರ್ನಾಟಕದ ಕರಾವಳಿಯ ಉಪ್ಪು ಬೆರೆತ ಗಾಳಿ, ಮಲೆನಾಡಿನ ದೀರ್ಘ ಮುಂಗಾರು ಹಾಗೂ ಉತ್ತರ ಒಳನಾಡಿನ ಬೇಸಿಗೆಯ ಧೂಳು ಈ ದೋಷಗಳಿಗೆ ಅನುಕೂಲಕರ ಪರಿಸ್ಥಿತಿಗಳಾಗಿವೆ. ಬೇಸಿಗೆಯಲ್ಲಿ ಒಳಸೇರಿದ ಧೂಳು ಮೊದಲ ಮಳೆಗಳಲ್ಲಿ ನೆನೆದಾಗ, ಅದುವರೆಗೆ ಮರೆಯಾಗಿದ್ದ ತೊಂದರೆ ಹೊರಬೀಳಬಹುದು. ಹೆಚ್ಚಿನ ಒತ್ತಡದ ನೀರಿನಿಂದ ವಾಹನ ತೊಳೆಯುವುದರಿಂದಲೂ ನೀರು ರಬ್ಬರ್ ಮುಚ್ಚಳಗಳನ್ನು ದಾಟಿ ಒಳನುಗ್ಗುತ್ತದೆ.

ವೋಲ್ಟೇಜ್ ನಷ್ಟ

ಕಿಲುಬು ಹಿಡಿದ ಸಂಪರ್ಕದಲ್ಲಿ ವಿದ್ಯುತ್ ರೋಧ ಹೆಚ್ಚುತ್ತದೆ. ಓಮ್‌ನ ನಿಯಮದಂತೆ ಅಲ್ಲಿ ನಷ್ಟವಾಗುವ ವೋಲ್ಟೇಜ್, ಪ್ರವಾಹ ಮತ್ತು ರೋಧಗಳ ಗುಣಲಬ್ಧಕ್ಕೆ ಸಮ. 12 ವೋಲ್ಟ್, 35 ವ್ಯಾಟ್‌ನ ಹೆಡ್‌ಲೈಟ್ ಸುಮಾರು 3 ಆಂಪಿಯರ್ ಪ್ರವಾಹವನ್ನು ಬಳಸುತ್ತದೆ. ಸಂಪರ್ಕದಲ್ಲಿ 0.5 ಓಮ್ ರೋಧವಿದ್ದರೆ ಸುಮಾರು 1.5 ವೋಲ್ಟ್ ಅಲ್ಲಿಯೇ ನಷ್ಟವಾಗಿ ದೀಪ ಮಂಕಾಗುತ್ತದೆ. ಸ್ಟಾರ್ಟರ್ ಮೋಟಾರ್ 50 ಆಂಪಿಯರ್ ಎಳೆಯುವಾಗ ಕೇವಲ 0.05 ಓಮ್ ರೋಧವೂ 2.5 ವೋಲ್ಟ್ ಕಳೆಯುತ್ತದೆ.

ಮಲ್ಟಿಮೀಟರ್‌ನ ಸದ್ದು ಮಾಡುವ ನಿರಂತರತಾ ಪರೀಕ್ಷೆಯು ಅತಿ ಕಡಿಮೆ ಪ್ರವಾಹವನ್ನು ಬಳಸುತ್ತದೆ. ಹತ್ತಾರು ಎಳೆಗಳ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಅದು ಸದ್ದು ಮಾಡಬಹುದು. ಹೀಗಾಗಿ ದೀಪ ಅಥವಾ ಮೋಟಾರ್ ಕೆಲಸ ಮಾಡುತ್ತಿರುವಾಗಲೇ ವೋಲ್ಟೇಜ್ ನಷ್ಟವನ್ನು ಅಳೆಯುವುದು ಹೆಚ್ಚು ವಿಶ್ವಾಸಾರ್ಹ ವಿಧಾನ.

ದೋಷ ಪತ್ತೆಯ ಕ್ರಮ

1. ಸಂದರ್ಭ: ದೋಷವು ಮಳೆಯ ನಂತರವೋ, ವಾಹನ ತೊಳೆದ ಮೇಲೋ, ಹ್ಯಾಂಡಲ್ ತಿರುಗಿಸಿದಾಗಲೋ ಎಂಬುದನ್ನು ಗಮನಿಸಬೇಕು. ಹ್ಯಾಂಡಲ್ ತಿರುಗಿಸಿದಾಗ ಮಾತ್ರ ಕಾಣಿಸುವ ದೋಷವು ಅದರ ಬಳಿಯ ತಂತಿಗಳತ್ತ ಬೆರಳು ತೋರಿಸುತ್ತದೆ.

2. ಬ್ಯಾಟರಿ: ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದ, ಪೂರ್ಣ ಚಾರ್ಜ್ ಆದ ಸೀಸ-ಆಮ್ಲ ಬ್ಯಾಟರಿಯ ವೋಲ್ಟೇಜ್ ಸುಮಾರು 12.6 ರಿಂದ 12.8 ಇರುತ್ತದೆ. 12.4ಕ್ಕಿಂತ ಕಡಿಮೆಯಿದ್ದರೆ ಮೊದಲು ಚಾರ್ಜ್ ಮಾಡಬೇಕು.

3. ಫ್ಯೂಸ್: ಸುಟ್ಟಿದ್ದರೆ ಅದೇ ಆಂಪಿಯರ್ ಮಿತಿಯ ಫ್ಯೂಸನ್ನೇ ಹಾಕಬೇಕು. ಬದಲಿಗೆ ದಪ್ಪ ತಂತಿ ಸುತ್ತಿದರೆ ವೈರಿಂಗ್ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.

4. ಅರ್ತಿಂಗ್: ಲೋಹದ ಚೌಕಟ್ಟು ಮತ್ತು ಎಂಜಿನ್ ವಿದ್ಯುತ್ ಬ್ಯಾಟರಿಗೆ ಮರಳುವ ದಾರಿಯ ಭಾಗವಾಗಿರುತ್ತವೆ. ಸ್ಟಾರ್ಟರ್ ಒತ್ತಿ ಹಿಡಿದು, ಬ್ಯಾಟರಿಯ ಋಣ ಧ್ರುವ ಮತ್ತು ಎಂಜಿನ್ನಿನ ಬಣ್ಣವಿಲ್ಲದ ಲೋಹದ ನಡುವಿನ ವೋಲ್ಟೇಜ್ ಅಳೆಯಬೇಕು. ಅದು 0.2 ವೋಲ್ಟ್‌ಗಿಂತ ಗಣನೀಯವಾಗಿ ಹೆಚ್ಚಿದ್ದರೆ ಅರ್ತಿಂಗ್ ಸಂಪರ್ಕವನ್ನು ಬಿಚ್ಚಿ ಶುಚಿಗೊಳಿಸಬೇಕು.

5. ಕನೆಕ್ಟರ್ ಮತ್ತು ಸ್ವಿಚ್: ಇಗ್ನಿಷನ್ ಚಾಲೂ ಇಟ್ಟು ಒಂದೊಂದೇ ಕನೆಕ್ಟರನ್ನು ಮೆಲ್ಲಗೆ ಅಲುಗಿಸಬೇಕು. ದೀಪ ಮಿನುಗಿದರೆ ದೋಷದ ಸ್ಥಳ ಸಮೀಪದಲ್ಲಿದೆ. ಸೈಡ್ ಸ್ಟ್ಯಾಂಡ್ ಸ್ವಿಚ್ ನೆಲಕ್ಕೆ ಹತ್ತಿರವಿರುವುದರಿಂದ ಕೆಸರು ಮೆತ್ತಿಕೊಂಡು, ಸ್ಟ್ಯಾಂಡ್ ಮೇಲಿದ್ದರೂ ಎಂಜಿನ್ ಚಾಲನೆಯನ್ನು ತಡೆಯಬಹುದು.

6. ಸ್ಪಾರ್ಕ್ ಪ್ಲಗ್: ಇಲ್ಲಿಗೆ ಬರುವ ವಿದ್ಯುತ್ ಸಾವಿರಾರು ವೋಲ್ಟ್‌ಗಳದ್ದು. ಪ್ಲಗ್ ಮುಚ್ಚಳ ಒದ್ದೆಯಾಗಿದ್ದರೆ ಅದು ಎಂಜಿನ್ನಿನ ಹೊರಮೈಗೆ ಸೋರುತ್ತದೆ. ಕತ್ತಲೆಯಲ್ಲಿ ನೀಲಿ ಕಿಡಿಗಳು ಕಾಣಬಹುದು. ಎಂಜಿನ್ ಓಡುತ್ತಿರುವಾಗ ಇದನ್ನು ಮುಟ್ಟಬಾರದು.

ಭಾರತದಲ್ಲಿ 2020ರ ಏಪ್ರಿಲ್ 1ರಂದು ಬಿಎಸ್-6 ಮಾನದಂಡ ಜಾರಿಯಾದ ಬಳಿಕ ಇಂಧನ ಇಂಜೆಕ್ಷನ್ ವ್ಯಾಪಕವಾಯಿತು. ಇದರ ಅನೇಕ ಸಂವೇದಕಗಳು 5 ವೋಲ್ಟ್‌ನಲ್ಲಿ ಕೆಲಸ ಮಾಡುವುದರಿಂದ ಸಣ್ಣ ನಷ್ಟವೂ ತಪ್ಪು ಸಂಕೇತಕ್ಕೆ ಕಾರಣವಾಗಬಹುದು. ಎಚ್ಚರಿಕೆ ದೀಪ ಬೆಳಗಿದಾಗಲೂ ಸಂವೇದಕವನ್ನು ಬದಲಿಸುವ ಮೊದಲು ಅದರ ಕನೆಕ್ಟರನ್ನು ನೋಡುವುದು ಸೂಕ್ತ.

ದುರಸ್ತಿ

ಕೆಲಸಕ್ಕೆ ಮೊದಲು ಬ್ಯಾಟರಿಯ ಋಣ ಧ್ರುವದ ತಂತಿಯನ್ನು ಮೊದಲು ಬಿಚ್ಚಿ, ಕೊನೆಗೆ ಜೋಡಿಸಬೇಕು. ಇದರಿಂದ ಸ್ಪ್ಯಾನರ್ ಚೌಕಟ್ಟಿಗೆ ತಗುಲಿ ಶಾರ್ಟ್ ಆಗುವುದು ತಪ್ಪುತ್ತದೆ. ಪಿನ್‌ಗಳನ್ನು ಕಾಂಟ್ಯಾಕ್ಟ್ ಕ್ಲೀನರ್ ಮತ್ತು ಮೃದುವಾದ ಬ್ರಷ್‌ನಿಂದ ಶುಚಿಗೊಳಿಸಿ ಪೂರ್ತಿ ಒಣಗಿಸಬೇಕು. ಉಪ್ಪುಕಾಗದದಿಂದ ಉಜ್ಜಿದರೆ ಲೇಪನ ಹೋಗಿ ಕಿಲುಬು ಬೇಗ ಮರಳುತ್ತದೆ. ಪೆಟ್ರೋಲ್ ಬಳಸುವುದು ಅಪಾಯಕಾರಿ. ಬ್ಯಾಟರಿ ಧ್ರುವಗಳ ಮೇಲಿನ ಪುಡಿಯನ್ನು ಅಡಿಗೆ ಸೋಡಾ ಬೆರೆಸಿದ ನೀರಿನಿಂದ ತೆಗೆದು, ಮರುಜೋಡಣೆಯ ನಂತರ ಪೆಟ್ರೋಲಿಯಂ ಜೆಲ್ಲಿ ಸವರಬಹುದು. ಒಳಗೆ ಕಪ್ಪಾದ ತಂತಿಯನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸದಾಗಿ ಜೋಡಿಸಬೇಕು.

ಮುನ್ನೆಚ್ಚರಿಕೆಗಳು

ಮಳೆಗಾಲಕ್ಕೆ ಮುನ್ನ ಕನೆಕ್ಟರ್‌ಗಳನ್ನು ಶುಚಿಗೊಳಿಸಿ, ಅವುಗಳ ರಬ್ಬರ್ ಅಂಚಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರುವುದರಿಂದ ನೀರನ್ನು ತಡೆಯಬಹುದು. ಈ ಗ್ರೀಸ್ ವಿದ್ಯುತ್ ನಿರೋಧಕವಾಗಿದ್ದು, ಸಡಿಲ ಸಂಪರ್ಕವನ್ನು ಸರಿಪಡಿಸುವುದಿಲ್ಲ. ವಾಹನ ತೊಳೆಯುವಾಗ ಸ್ವಿಚ್‌ಗಳು, ಬ್ಯಾಟರಿ ಮತ್ತು ಸ್ಪಾರ್ಕ್ ಪ್ಲಗ್‌ಗಳ ಮೇಲೆ ನೇರವಾಗಿ ನೀರು ಹಾಯಿಸಬಾರದು. ಮಂಕಾದ ಹೆಡ್‌ಲೈಟ್ ಅಥವಾ ಉರಿಯದ ಬ್ರೇಕ್ ದೀಪ ರಾತ್ರಿ ಮಳೆಯಲ್ಲಿ ಅಪಘಾತಕ್ಕೆ ಎಡೆಮಾಡುವುದರಿಂದ, ಇಂತಹ ದೋಷವನ್ನು ಸರಿಪಡಿಸಿದ ನಂತರವೇ ಪ್ರಯಾಣ ಮುಂದುವರಿಸುವುದು ಸುರಕ್ಷಿತ.