ಮಗುವಿಗೆ ಮಾತು ತಡವಾಗಿದೆಯೇ? ಮೊದಲು ಕಿವಿ ನೋಡಿಸಿ



“ಗಂಡುಮಕ್ಕಳಿಗೆ ಮಾತು ನಿಧಾನ ಕಣಮ್ಮ.” “ಇವರಪ್ಪನೂ ನಾಲ್ಕು ತುಂಬಿದ ಮೇಲೇನೇ ಮಾತಾಡಿದ್ದು, ಬಿಡಿ ಸಿಸ್ಟರ್.” ಅಕ್ಕೂರಿನ ಕಡೆ ಮನೆಭೇಟಿಗೆ ಹೋದಾಗ ಇಂಥ ಮಾತು ಕೇಳುತ್ತೇವೆ. ತಡವಾಗಿ ಮಾತು ಶುರುಮಾಡಿ ಸರಿಹೋಗುವ ಮಕ್ಕಳೂ ಇದ್ದಾರೆ, ಸುಳ್ಳಲ್ಲ. ಆದರೆ ಯಾವ ಮಗು ತಾನಾಗಿ ಸರಿಹೋಗುತ್ತದೆ, ಯಾವ ಮಗುವಿಗೆ ಸಹಾಯ ಬೇಕು ಎಂದು ಮನೆಯಲ್ಲಿ ಕುಳಿತು ಹೇಳಲಾಗುವುದಿಲ್ಲ. ಮಿದುಳು ಮಾತನ್ನು ಚುರುಕಾಗಿ ಕಲಿಯುವುದು ಮೊದಲ ಮೂರು ವರ್ಷಗಳಲ್ಲಿ. ಕಾಯುತ್ತಾ ಕುಳಿತರೆ ಆ ಕಾಲ ಕಳೆದುಹೋಗುತ್ತದೆ.

ಯಾವಾಗ ತೋರಿಸಬೇಕು?

• 6 ತಿಂಗಳಾದರೂ ಶಬ್ದ ಬಂದ ಕಡೆ ತಿರುಗದಿದ್ದರೆ.
• 1 ವರ್ಷವಾದರೂ ಹೆಸರು ಕರೆದಾಗ ನೋಡದಿದ್ದರೆ, ‘ಬಬಬ’, ‘ದದದ’ ಎನ್ನದಿದ್ದರೆ, ಟಾಟಾ ಮಾಡದಿದ್ದರೆ.
• ಒಂದೂವರೆ ವರ್ಷಕ್ಕೆ ‘ಅಮ್ಮ’, ‘ತಾತ’ ಎಂಬಂಥ ಒಂದು ಮಾತೂ ಇಲ್ಲದಿದ್ದರೆ, ಬೇಕಾದ್ದನ್ನು ಬೆರಳಿಟ್ಟು ತೋರಿಸದಿದ್ದರೆ.
• 2 ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಬೇಕು’ ಎಂದು ಎರಡು ಪದ ಸೇರಿಸದಿದ್ದರೆ.
• 3 ವರ್ಷಕ್ಕೆ ಮನೆಯವರಿಗೂ ಮಗುವಿನ ಮಾತು ಅರ್ಥವಾಗದಿದ್ದರೆ.
• ಯಾವ ವಯಸ್ಸಿನಲ್ಲೇ ಆಗಲಿ, ಬಂದಿದ್ದ ಮಾತು ನಿಂತುಹೋದರೆ. ಇದಕ್ಕೆ ಒಂದು ವಾರವೂ ತಡ ಮಾಡಬೇಡಿ.

ಮೂರು ವರ್ಷದ ಮಗು ‘ರಾಗಿ’ಗೆ ‘ಲಾಗಿ’ ಅಂದರೆ ಚಿಂತೆ ಬೇಡ. ಕಷ್ಟದ ಅಕ್ಷರಗಳು ನಿಧಾನವಾಗಿ ಬರುತ್ತವೆ.

ಕಿವಿ ಏಕೆ ಮೊದಲು?

ಮಾತು ಬಾರದಿದ್ದರೆ ನಾವು ನಾಲಿಗೆ ನೋಡುತ್ತೇವೆ. ಬಜೆ ತೇಯ್ದು ತಿಕ್ಕುತ್ತೇವೆ, ನಾಲಿಗೆ ದಪ್ಪ ಅನ್ನುತ್ತೇವೆ. ಆದರೆ ಮಗು ಮಾತು ಕಲಿಯುವುದು ಕೇಳಿ ಕೇಳಿ. “ಬಾಗಿಲು ಬಡಿದರೆ ತಿರುಗುತ್ತಾನಲ್ಲ, ಕಿವಿ ಚೆನ್ನಾಗಿದೆ” ಎಂದುಕೊಳ್ಳಬೇಡಿ. ದೊಡ್ಡ ಸದ್ದು ಕೇಳುವ ಮಗುವಿಗೂ ‘ಸ’, ‘ಶ’ದಂಥ ಸಣ್ಣ ಸದ್ದು ಕೇಳದೇ ಇರಬಹುದು. ಚನ್ನಪಟ್ಟಣದ ಮರದ ಗಿಲಕಿಯನ್ನು ಮಗುವಿನ ಹಿಂದಿನಿಂದ, ಕಣ್ಣಿಗೆ ಕಾಣದಂತೆ, ಮೆಲ್ಲಗೆ ಆಡಿಸಿ ನೋಡಿ. ತಿರುಗದಿದ್ದರೆ ತೋರಿಸಲೇಬೇಕು. ತಿರುಗಿದರೂ ಮಾತು ತಡವಾಗಿದ್ದರೆ ಪರೀಕ್ಷೆ ಬೇಕೇ ಬೇಕು.

ಸೋದರಮಾವ ಅಥವಾ ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳು, ಹುಟ್ಟಿದಾಗ ತೀವ್ರ ಕಾಮಾಲೆಯಾದವರು, ತೂಕ ತೀರಾ ಕಡಿಮೆ ಇದ್ದವರು, ಕಿವಿ ಸೋರುವ ಮಕ್ಕಳು, ಇವರ ಬಗ್ಗೆ ಹೆಚ್ಚು ಗಮನವಿರಲಿ. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ. ಸೊಸೆಯನ್ನು ದೂರಬೇಡಿ, ಮಗುವನ್ನು ‘ಮೂಗ’ ಎಂದು ಕರೆಯಬೇಡಿ.

ಕಿವಿ ಸರಿಯಿದ್ದೂ ಮಾತು ತಡವಾಗುವುದುಂಟು. ಬುದ್ಧಿ ಬೆಳವಣಿಗೆ ನಿಧಾನವಿರಬಹುದು, ಆಟಿಸಂ ಇರಬಹುದು. ಅದನ್ನು ತಜ್ಞರೇ ಪರೀಕ್ಷಿಸಿ ಹೇಳಬೇಕು. ಮನೆಯಲ್ಲಿ ಉರ್ದು ಅಥವಾ ತೆಲುಗು, ಅಂಗನವಾಡಿಯಲ್ಲಿ ಕನ್ನಡ ಎಂಬ ಕಾರಣಕ್ಕೆ ಮಾತು ನಿಲ್ಲುವುದಿಲ್ಲ. ನಿಮ್ಮ ಮನೆಮಾತು ಬಿಡಬೇಡಿ.

ಎಲ್ಲಿಗೆ ಹೋಗಬೇಕು?

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ನೋಡುತ್ತದೆ. ಕಿವಿ ಕೇಳದಿರುವುದು, ಮಾತು ತಡವಾಗುವುದು ಎರಡೂ ಅವರ ಪಟ್ಟಿಯಲ್ಲಿವೆ. ಆ ದಿನ ಮಗುವನ್ನು ತಪ್ಪದೆ ಕರೆದುಕೊಂಡು ಹೋಗಿ, ಅನುಮಾನವನ್ನು ಬಾಯಿಬಿಟ್ಟು ಹೇಳಿ. ತಂಡ ಬರುವುದು ತಡವಾದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಸರ್ಕಾರಿ ಆಸ್ಪತ್ರೆಗೆ ಹೋಗಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕೇಂದ್ರ ಸರ್ಕಾರದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಚನ್ನಪಟ್ಟಣದಲ್ಲಿ ರೈಲು ಹತ್ತಿದರೆ ಮೈಸೂರು. ಕಿವಿ ಪರೀಕ್ಷೆ, ಶ್ರವಣ ಸಾಧನ, ಮಾತಿನ ತರಬೇತಿ ಎಲ್ಲವೂ ಒಂದೇ ಕಡೆ ಸಿಗುತ್ತವೆ. ತರಬೇತಿ ಒಂದೆರಡು ದಿನದ್ದಲ್ಲ. ಅವರು ಹೇಳಿಕೊಟ್ಟಿದ್ದನ್ನು ಮನೆಯಲ್ಲಿ ದಿನವೂ ಮಾಡಿಸಬೇಕು.

ಮನೆಯಲ್ಲಿ ಏನು ಮಾಡಬಹುದು?

ಮೊಬೈಲ್ ಕೊಟ್ಟು ಕೂರಿಸಬೇಡಿ. ಅದು ಮಗುವಿಗೆ ಮರುಮಾತು ಕೊಡುವುದಿಲ್ಲ. ಮುಖ ನೋಡಿ ಮಾತಾಡಿ. ಮುದ್ದೆ ಕಟ್ಟುವಾಗ, ಹುಳಕ್ಕೆ ಸೊಪ್ಪು ಹಾಕುವಾಗ, ಹಸು ಕರೆಯುವಾಗ ಮಾಡುವ ಕೆಲಸವನ್ನೇ ಹೇಳುತ್ತಾ ಹೋಗಿ. ಮಗು ಉತ್ತರಿಸಲು ಸ್ವಲ್ಪ ಸಮಯ ಕೊಡಿ.

ಸ್ವಸಹಾಯ ಸಂಘದ ಮುಂದಿನ ಸಭೆಯಲ್ಲಿ ಮೇಲಿನ ಪಟ್ಟಿಯನ್ನು ಗಟ್ಟಿಯಾಗಿ ಓದಿ. ನಿಮ್ಮ ಬೀದಿಯಲ್ಲಿ ಅಂಥ ಮಗುವಿದ್ದರೆ, ಅದರ ತಾಯಿಯ ಜೊತೆ ಆಸ್ಪತ್ರೆಗೆ ನೀವೂ ಹೋಗಿಬನ್ನಿ.