ಗವರ್ನಮೆಂಟ್ ಶಬ್ದದಲ್ಲಿ ಮರೆಯಾಗುವ ಅಕ್ಷರ

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯು 1956ರ ವರೆಗೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಆ ವರ್ಷದ ನವೆಂಬರ್ 1ರಂದು ಅದು ಮೈಸೂರು ರಾಜ್ಯದ ಭಾಗವಾಯಿತು. 1973ರ ನವೆಂಬರ್ 1ರಂದು ರಾಜ್ಯವೇ ಕರ್ನಾಟಕವೆಂಬ ಹೆಸರನ್ನು ತಳೆಯಿತು. ಸರಕಾರಿ ಕಾಗದಗಳ ಮೇಲೆ ರಾಜ್ಯದ ಹೆಸರು ಹೀಗೆ ಎರಡು ಸಲ ಬದಲಾದರೂ ಅದರೊಡನಿದ್ದ ‘ಗವರ್ನಮೆಂಟ್’ ಎಂಬ ಇಂಗ್ಲಿಷ್ ಶಬ್ದ ಬದಲಾಗಲಿಲ್ಲ. ಓದುಬರಹ ಬಾರದವರಿಗೂ ಪರಿಚಿತವಾದ ಈ ಶಬ್ದವನ್ನು ಬರೆಯುವಾಗ ಮಾತ್ರ ಕಲಿತವರೂ ಎಡವುತ್ತಾರೆ.

ಇದರಲ್ಲಿ ಹತ್ತು ಅಕ್ಷರಗಳಿವೆ: ಜಿ, ಓ, ವಿ, ಇ, ಆರ್, ಎನ್, ಎಂ, ಇ, ಎನ್, ಟಿ. ಸಾಮಾನ್ಯವಾಗಿ ಬಿಟ್ಟುಹೋಗುವುದು ಆರನೆಯದಾದ ಎನ್. ಆಡುಮಾತಿನಲ್ಲಿ ಈ ಶಬ್ದ ‘ಗೌರ್ಮೆಂಟ್’ ಆಗಿದೆ. ಇಂಗ್ಲಿಷರ ನಾಲಿಗೆಯಲ್ಲಿಯೂ ಆ ನಕಾರ ಎಷ್ಟೋ ವೇಳೆ ಉಳಿಯುವುದಿಲ್ಲ. ಬಹುಮಟ್ಟಿಗೆ ಉಚ್ಚಾರವನ್ನೇ ಅನುಸರಿಸುವ ಲಿಪಿಯಲ್ಲಿ ಅಕ್ಷರಾಭ್ಯಾಸ ಮಾಡಿದ ಮಕ್ಕಳು ಕಿವಿಗೆ ಬೀಳದ ಅಕ್ಷರವನ್ನು ಬಿಡುವುದು ಸಹಜ. ಅದನ್ನು ಮಂದಬುದ್ಧಿಯೆಂದು ಎಣಿಸುವುದು ಸಲ್ಲದು.

ಆದರೆ ಕನ್ನಡದಲ್ಲಿಯೂ ಆಡಿದ್ದೆಲ್ಲವನ್ನೂ ಆಡಿದಂತೆಯೇ ಬರೆಯುವುದಿಲ್ಲ. ‘ಬರಕೊಂಡು’ ಎಂದು ನುಡಿಯುವ ವಿದ್ಯಾರ್ಥಿಯು ಪರೀಕ್ಷೆಯಲ್ಲಿ ‘ಬರೆದುಕೊಂಡು’ ಎಂದೇ ಬರೆಯುತ್ತಾನೆ. ಮಾತಿನಲ್ಲಿ ‘ದು’ ಲೋಪವಾಗಿದ್ದರೂ ಪದದ ರಚನೆಯನ್ನು ಬಲ್ಲವನಾದ್ದರಿಂದ ಅದನ್ನು ಬಿಡುವುದಿಲ್ಲ. ವ್ಯಾಕರಣದ ತರಗತಿಯಲ್ಲಿ ಕಲಿಸುವ ಪ್ರಕೃತಿ-ಪ್ರತ್ಯಯಗಳ ವಿಂಗಡಣೆಯನ್ನು ಇಂಗ್ಲಿಷಿಗೂ ಅನ್ವಯಿಸಬಹುದು. ‘ಗವರ್ನ್’ ಎಂದರೆ ಆಳು; ‘ಮೆಂಟ್’ ಎಂಬುದು ಪ್ರತ್ಯಯ. ಹಡಗನ್ನು ನಡೆಸು ಎಂಬರ್ಥದ ಗ್ರೀಕ್ ಶಬ್ದವೊಂದು ಲ್ಯಾಟಿನ್, ಫ್ರೆಂಚ್ ಭಾಷೆಗಳ ಮಾರ್ಗವಾಗಿ ಇಂಗ್ಲಿಷಿಗೆ ಬಂದು ‘ಗವರ್ನ್’ ಆಯಿತು. ಅದರ ಕೊನೆಯ ಎನ್, ಪ್ರತ್ಯಯ ಸೇರಿದ ಮೇಲೂ ಅಳಿಯದು. ಸಂದೇಹ ಬಂದಾಗ ‘ಗವರ್ನರ್’ ಶಬ್ದವನ್ನು ನೆನೆದರೆ ಸಾಕು. ಅಲ್ಲಿ ನಕಾರ ಸ್ಪಷ್ಟವಾಗಿ ಕೇಳಿಸುತ್ತದೆ.

ಪರಿಸರವೆಂಬರ್ಥದ ‘ಎನ್‌ವಿರಾನ್‌ಮೆಂಟ್’ ಶಬ್ದದಲ್ಲಿಯೂ ‘ಮೆಂಟ್’ಗೆ ಹಿಂದಿನ ಎನ್ ಹೀಗೆಯೇ ತಪ್ಪಿಹೋಗುತ್ತದೆ, ಮದ್ದೂ ಅದೇ. ‘ಡೆವಲಪ್‌ಮೆಂಟ್’ ಶಬ್ದದಲ್ಲಿ ಪಿ ಆದ ಮೇಲೆ ಇಲ್ಲದ ಇ ಅಕ್ಷರವನ್ನು ಸೇರಿಸುವ ತಪ್ಪೂ ಮೂಲ ಕ್ರಿಯಾಪದವನ್ನು ನೋಡಿದರೆ ನಿವಾರಣೆಯಾಗುತ್ತದೆ. ಅಪವಾದಗಳೂ ಇವೆ: ‘ಆರ್ಗ್ಯೂ’ ಕ್ರಿಯಾಪದದ ಕೊನೆಯ ಇ, ‘ಆರ್ಗ್ಯುಮೆಂಟ್’ ಆಗುವಾಗ ಬಿದ್ದುಹೋಗುತ್ತದೆ. ಇಂಥವನ್ನು ಬೇರೆಯಾಗಿಯೇ ನೆನಪಿಡಬೇಕು.

ತಪ್ಪಿದ ಶಬ್ದವನ್ನು ನೂರು ಸಲ ಬರೆಸುವುದಕ್ಕಿಂತ ಅದನ್ನು ಬಿಡಿಸಿ ತೋರಿಸಿ, ಮುಚ್ಚಿಟ್ಟು ನೆನಪಿನಿಂದ ಬರೆಸಿ, ಕೆಲವು ದಿನಗಳ ಅನಂತರ ವಾಕ್ಯದಲ್ಲಿ ಮತ್ತೆ ಉಕ್ತಲೇಖನ ಕೊಡುವುದು ಹೆಚ್ಚು ಫಲಕಾರಿ. ಒಕ್ಕಲು ಮನೆತನದ ಹುಡುಗನೋ ನೇಕಾರರ ಮನೆಯ ಹುಡುಗಿಯೋ ನೌಕರಿಗಾಗಿ ಬರೆದ ಅರ್ಜಿಯನ್ನು ಓದುವವರು ಮೊದಲು ಕಾಣುವುದು ಬರಹವನ್ನೇ, ಬರೆದವರ ಶ್ರಮವನ್ನಲ್ಲ. ಒಂದಕ್ಷರದ ಲೋಪದಿಂದ ಅವರ ಯೋಗ್ಯತೆಗೆ ಕುಂದು ಬರಬಾರದು. ಕನ್ನಡ ವ್ಯಾಕರಣವನ್ನು ಅರ್ಥವರಿತು ಕಲಿಸುವ ಶಾಲೆಯು ಇಂಗ್ಲಿಷಿನ ಪಾಠವನ್ನೂ ಅರ್ಧ ಮುಗಿಸಿದಂತೆಯೇ ಸರಿ.